ಕೊನೆಗೆ ಉಳಿಸಿಕೊಂಡ ಮಷೀನು

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸರ್ವರ್ ಕೋಣೆ ನನ್ನ ಸುಪರ್ದಿನಲ್ಲಿದೆ. ಅಲ್ಲಿ ನನಗೆ ಗುಡುಗಮ್ಮ ಅಂತ ಅಡ್ಡಹೆಸರು. ಎದುರಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಅನ್ನುವುದು ಅವರಿಗೂ ಗೊತ್ತು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಿಜ. ಆದರೆ ಫ್ಯಾನುಗಳು ಭೋರೆನ್ನುವ ಆ ಕೋಣೆಯಲ್ಲಿ ಮೆತ್ತಗೆ ಮಾತಾಡಿದರೆ ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ. ವರ್ಷಗಟ್ಟಲೆ ಅಲ್ಲಿ ಕಿರುಚಿ ಕಿರುಚಿ, ಈಗ ಮನೆಯಲ್ಲಿ ಉಪ್ಪು ಕೊಡು ಅಂದರೂ ಜಗಳಕ್ಕೆ ನಿಂತ ಹಾಗಿರುತ್ತದೆ ಎಂದು ಮಗಳು ಹೇಳುತ್ತಾಳೆ.

ಆ ಮಗಳು ಆಗ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದಳು. ಮಲಗಿದ್ದಳು ಅನ್ನುವುದು ಮಾತಿಗೆ. ಮಲಗುತ್ತಲೇ ಇರಲಿಲ್ಲ ಅನ್ನುವುದೇ ನಮ್ಮೆಲ್ಲರ ಸಂಕಟ. ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಆಪರೇಷನ್ನಿನ ಗಾಯಕ್ಕೆ ಸೋಂಕು ತಗಲಿ ಜ್ವರ ಹತ್ತಿಕೊಂಡಿತ್ತು. ಕೂಸು ಮೊದಲನೇ ಮಹಡಿಯ ಹಸುಗೂಸುಗಳ ವಾರ್ಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಚಿಟಿಕೆಯಷ್ಟಿದ್ದಾಳೆ ಅಂತ ಅಳಿಯ ಮೊದಲ ದಿನ ಅಂದದ್ದೇ ನಿಂತು, ಹೆಸರಿಡುವವರೆಗೆ ಅವಳು ಎಲ್ಲರಿಗೂ ಚಿಟಿಕೆಯಾದಳು. ಜ್ವರ ಬಿಡುವವರೆಗೆ ತಾಯಿ ಆ ವಾರ್ಡಿನ ಹೊಸ್ತಿಲನ್ನೂ ದಾಟುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೆತ್ತವಳು ತನ್ನ ಕೂಸನ್ನು ಇನ್ನೂ ಮುಟ್ಟಿರಲಿಲ್ಲ.

ಅವಳಿಗೆ ಇದ್ದದ್ದು ಸ್ಲೇಟಿನಷ್ಟು ಪರದೆಯ ಒಂದು ಟ್ಯಾಬ್ಲೆಟ್. ಆ ಗಾಜಿನ ಪೆಟ್ಟಿಗೆಗಳ ಪಕ್ಕದಲ್ಲಿ ಒಂದೊಂದು ಪುಟ್ಟ ಕ್ಯಾಮೆರಾ ಇದೆ. ಬರಲಾಗದ ತಾಯಂದಿರು ಅದರ ಮೂಲಕ ಕೂಸನ್ನು ನೋಡಬಹುದು. ಸದ್ದು ಬರುವುದಿಲ್ಲ, ಬರೀ ಚಿತ್ರ. ಮಗಳು ಆ ಟ್ಯಾಬ್ಲೆಟ್ಟನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ಹುಟ್ಟಿದ ಮರುದಿನ ಚಿಟಿಕೆ ಉಸಿರಾಡುವುದನ್ನೇ ಮರೆತಳು. ದಿನ ತುಂಬದ ಕೂಸುಗಳು ಹಾಗೆ ಮರೆಯುತ್ತವಂತೆ. ಪಾದ ತಟ್ಟಿದರೆ ನೆನಪಾಗಿ ಮತ್ತೆ ಉಸಿರೆಳೆದುಕೊಳ್ಳುತ್ತವಂತೆ. ಮಗಳು ಅದನ್ನು ಪರದೆಯಲ್ಲಿ ಕಂಡು, ಗಂಟೆ ಒತ್ತಿ, ಮಹಡಿಯೆಲ್ಲ ಕೇಳುವಂತೆ ಕೂಗಿಕೊಂಡಿದ್ದಳು. ಪೆಟ್ಟಿಗೆಗೇ ಅಲಾರಂ ಇದೆ, ನೀವು ಕೂಗುವಷ್ಟರಲ್ಲಿ ಕೆಳಗೆ ಸಿಸ್ಟರ್ ಬಂದು ಎಬ್ಬಿಸಿಯಾಗಿತ್ತು ಎಂದು ಎಲ್ಲರೂ ಹೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನು ನೋಡಿದ್ದಕ್ಕೇ ಕೂಸು ಉಳಿಯಿತು, ಕಣ್ಣು ಮುಚ್ಚಿದರೆ ಮುಗಿಯಿತು ಅನ್ನುವುದು ಅವಳ ತಲೆಯಲ್ಲಿ ಬೇರು ಬಿಟ್ಟಿತ್ತು. ನಿದ್ದೆಯಿಲ್ಲದೆ ಜ್ವರ ಇಳಿಯದು, ಜ್ವರ ಇಳಿಯದೆ ಕೂಸಿನ ಹತ್ತಿರ ಬಿಡರು. ಹೇಳಿ ಹೇಳಿ ನನಗೂ ಅಳಿಯನಿಗೂ ಬಾಯಿ ಸೋತಿತ್ತು.

"ಅಮ್ಮಾ, ಭಾನುವಾರ ನಿಮ್ಮ ಕೋಣೇಲಿ ಏನೋ ಸಾಗಿಸ್ತೀರಂತೆ. ಈ ಚಿತ್ರ ನಿಲ್ಲಲ್ಲ ತಾನೆ?" ಎಂದು ಶನಿವಾರ ಕೇಳಿದ್ದಳು.

"ನಿಲ್ಲಲ್ಲ ಕಣೇ. ನಾನಿಲ್ವಾ?" ಅಂದಿದ್ದೆ.

ಸಾಗಿಸುವುದು ಏನು ಅನ್ನುವುದನ್ನು ಹೇಳಿಬಿಡುತ್ತೇನೆ. ನಮ್ಮ ಕೋಣೆಯಲ್ಲಿ ಕಣ್ಣಿಗೆ ಕಾಣುವ ಕಂಪ್ಯೂಟರುಗಳು ಕೆಲವೇ. ಅವುಗಳೊಳಗೆ ಮೈಯಿಲ್ಲದ ಕಂಪ್ಯೂಟರುಗಳು ಹತ್ತಾರು. ಅವಕ್ಕೆ ವರ್ಚುಯಲ್ ಮಷೀನು ಅನ್ನುತ್ತಾರೆ. ಔಷಧದಂಗಡಿಯದ್ದು ಒಂದು, ರಕ್ತ ಪರೀಕ್ಷೆಯದ್ದು ಒಂದು, ಎಕ್ಸ್‌ರೇಯದ್ದು ಒಂದು, ಕೂಸುಗಳ ಕ್ಯಾಮೆರಾದ್ದು ಒಂದು. ಒಂದೇ ಕಟ್ಟಡದ ಬಾಡಿಗೆದಾರರು ಅಂದುಕೊಳ್ಳಿ. ಅವರ ಪಾತ್ರೆ ಪಡಗವೆಲ್ಲ, ಅಂದರೆ ಮಾಹಿತಿಯೆಲ್ಲ, ಸ್ಟೋರೇಜು ಅನ್ನುವ ಉಗ್ರಾಣದಲ್ಲಿ ಇರುತ್ತದೆ. ನಮ್ಮ ಹಳೆಯ ಸ್ಟೋರೇಜು ತಿರುಗುವ ಡಿಸ್ಕುಗಳದ್ದು, ವಯಸ್ಸಾಗಿ ಗೂರಲು ಹತ್ತಿದ ಹಾಗೆ ಸದ್ದು ಮಾಡುತ್ತಿತ್ತು. ಹೊಸದು ಬೇರೆಯೇ ಜಾತಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ಎಲ್ಲ ಚಿಪ್‌ಗಳು. ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸಬೇಕು, ಆದರೆ ಬಾಡಿಗೆದಾರನಿಗೆ ಗೊತ್ತಾಗಬಾರದು. ಒಲೆ ಆರಿಸದೆ ಮನೆ ಬದಲಾಯಿಸುವ ಕೆಲಸ ಅದು. ಎಲ್ಲವನ್ನೂ ನಕಲು ಮಾಡಿ, ನಕಲು ಮಾಡುವಷ್ಟರಲ್ಲಿ ಹೊಸದಾಗಿ ಸೇರಿದ ಚೂರುಪಾರನ್ನೂ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕಡೆಗೆ ದಾಟಿಸಿಬಿಡುತ್ತೇವೆ.

ನನ್ನ ಜೊತೆಗೆ ಕೆಲಸ ಮಾಡುವವನು ನಿಧಾನಿ. ಹೆಸರು ನಾನೇ ಇಟ್ಟದ್ದು. ಮಕ್ಕಳು ಮರಿ ಇರುವ ಗೃಹಸ್ಥ, ಒಳ್ಳೆಯವನು, ಆದರೆ ಒಂದು ಗುಂಡಿ ಒತ್ತುವ ಮೊದಲು ಮೂರು ಸಲ ಕನ್ನಡಕ ಒರೆಸಿಕೊಳ್ಳುವವನು.

"ಅಕ್ಕಾ, ಕ್ಯಾಮೆರಾದ್ದನ್ನ ಮೊದಲೇ ಮುಗಿಸಿಬಿಡೋಣ್ವಾ?" ಎಂದ, ಭಾನುವಾರ ಬೆಳಿಗ್ಗೆ. "ಹಳೇದು, ದೊಡ್ಡದು. ತಂಟೆ ಮಾಡೋ ಪೈಕಿ."

"ಬೇಡ. ಬೇರೇವುಗಳ ಮೇಲೆ ಕೈ ಪಳಗಲಿ. ಅದು ಕೊನೆಗಿರಲಿ."

ಅವನು ನನ್ನ ಮುಖ ನೋಡಿ ಕನ್ನಡಕ ಒರೆಸಿಕೊಂಡ. ಜಾಗ್ರತೆಗೆ ಹಾಗೆ ಹೇಳುತ್ತಿದ್ದೇನೆ ಎಂದು ನಾನೂ ನಂಬಿದ್ದೆ. ನಿಜ ಹೇಳಬೇಕೆಂದರೆ ಆ ಮಷೀನನ್ನು ಮುಟ್ಟಲು ನನಗೆ ಧೈರ್ಯ ಸಾಲಲಿಲ್ಲ. ಅದರ ತುದಿಗೆ ನನ್ನ ಮಗಳು ಇದ್ದಳು. ಬೇರೆಯವರ ಮಗಳಾಗಿದ್ದರೆ ಅದೇ ಮೊದಲ ಸರದಿಯಾಗಿರುತ್ತಿತ್ತು, ಎರಡು ಮಾತಿಲ್ಲ.

ಔಷಧದಂಗಡಿ ದಾಟಿತು. ರಕ್ತ ಪರೀಕ್ಷೆ ದಾಟಿತು. ಮಧ್ಯಾಹ್ನದ ಹೊತ್ತಿಗೆ ಉಳಿದವೆಲ್ಲ ಒಂದರ ಹಿಂದೆ ಒಂದು ಹೊಸ ಜಾಗ ಸೇರಿದವು, ಯಾರೂ ಫೋನ್ ಮಾಡಿ ಬೈಯಲಿಲ್ಲ. ನಮ್ಮ ಕೆಲಸದಲ್ಲಿ ಬೈಗುಳ ಬರದಿದ್ದರೆ ಅದೇ ಬಹುಮಾನ. ಆದರೆ ನಾನೊಂದನ್ನು ಮರೆತಿದ್ದೆ. ಸಾಗಿಸುವುದೆಂದರೆ ಹಳೆಯ ಡಿಸ್ಕುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಓದಿಸುವುದು. ಮುದುಕರನ್ನು ಬೆಳಿಗ್ಗೆಯಿಂದ ಬಿಡದೆ ಮೆಟ್ಟಿಲು ಹತ್ತಿಸಿ ಇಳಿಸಿದ ಹಾಗಾಗಿತ್ತು. ಊಟದ ಹೊತ್ತಿಗೆ ಒಂದು ಡಿಸ್ಕಿನ ದೀಪ ಕೆಂಪಾಯಿತು. ಒಂದು ಹೋದರೆ ತಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದೂ ಕೆಂಪಾಯಿತು. ಇನ್ನೊಂದು ಹೋದರೆ ಅದರೊಳಗೆ ಇರುವುದೆಲ್ಲ ಮಣ್ಣುಪಾಲು. ಆಗ ಅದರೊಳಗೆ ಉಳಿದಿದ್ದದ್ದು ಕ್ಯಾಮೆರಾ ಮಷೀನು ಒಂದೇ. ಕ್ಯಾಮೆರಾ ಅತ್ಯಗತ್ಯವಲ್ಲ ಎಂದು ಅದಕ್ಕೆ ಬ್ಯಾಕಪ್ ಇಡಲು ಮೇಲಿನವರು ಒಪ್ಪಿರಲಿಲ್ಲ. ಆ ಮಷೀನನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೋದರೆ ಹೋಯಿತು, ಮತ್ತೆ ಹೊಸದನ್ನು ತಂದು ಕಟ್ಟಲು ವಾರಗಳೇ ಬೇಕು.

ಸಾಗಿಸಲು ಶುರು ಮಾಡಿದೆವು. ಮುಗಿಯುವ ಹತ್ತಿರ ಬರುವುದು, ಮತ್ತೆ ಹಿಂದೆ ಹೋಗುವುದು. ಕ್ಯಾಮೆರಾಗಳು ಒಂದು ಗಳಿಗೆಯೂ ಬಿಡದೆ ನೋಡುತ್ತವೆ, ನೋಡಿದ್ದನ್ನೆಲ್ಲ ಆ ಮಷೀನು ಬರೆದಿಡುತ್ತಲೇ ಇರುತ್ತದೆ. ಸೊರಗಿದ ಡಿಸ್ಕುಗಳಿಂದ ನಮ್ಮ ನಕಲು ಅದರ ಬರವಣಿಗೆಯನ್ನು ಹಿಡಿಯಲಾಗದೆ ಏದುಸಿರು ಬಿಡುತ್ತಿತ್ತು.

"ನಾವು ಒಂದು ಬಿಂದಿಗೆ ಎತ್ತಿದ್ರೆ ಅದು ಒಂದೂವರೆ ಸುರೀತಿದೆ ಅಕ್ಕಾ," ಎಂದ ನಿಧಾನಿ. "ನಿಲ್ಲಿಸಿ ಸಾಗಿಸಿದ್ರೆ ಮಾತ್ರ ಆಗೋದು. ಒಂದೆರಡು ಗಂಟೆ ಹಿಡಿಯತ್ತೆ."

ಬೆಳಿಗ್ಗೆ ಡಿಸ್ಕುಗಳು ಗಟ್ಟಿಯಿದ್ದಾಗ ಮಾಡಿದ್ದರೆ ಮಗಳಿಗೆ ಗೊತ್ತಾಗದ ಹಾಗೆ ದಾಟಿಸಿಬಿಡಬಹುದಿತ್ತು. ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ನಾನು ಕುರ್ಚಿಯಿಂದ ಎದ್ದು ಅವನನ್ನು ಕೂರಿಸಿದೆ. ನನ್ನ ಕೀಬೋರ್ಡಿನ ಮೇಲೆ ಬೇರೆಯವರು ಕೈಯಿಟ್ಟರೆ ನಾನು ಸುಮ್ಮನಿದ್ದದ್ದೇ ಇಲ್ಲ. ಅವನಿಗೆ ನಂಬಿಕೆಯೇ ಬರಲಿಲ್ಲ.

"ಎಲ್ಲಿಗಕ್ಕಾ?"

"ಕೂಸಿನ ಹತ್ರ. ನಾನು ಹೋಗಿ ಕೂತು ಫೋನ್ ಮಾಡಿದ ಮೇಲೆ ನಿಲ್ಲಿಸು. ಅಲ್ಲೀತನಕ ಮುಟ್ಟಬೇಡ."

ಹಸುಗೂಸುಗಳ ವಾರ್ಡಿನಲ್ಲಿ ಮೊಣಕೈಯವರೆಗೆ ಸೋಪು ಹಾಕಿ ಉಜ್ಜಿ, ನಿಲುವಂಗಿ ತೊಟ್ಟು, ತಲೆಗೆ ಟೋಪಿ ಹಾಕಿಕೊಂಡೆ. ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿಕೊಟ್ಟರು. ಅಲ್ಲಿನ ಸಿಸ್ಟರ್ ನನಗಿಂತ ಒಂದು ಕೈ ಮೇಲು. ಚಿತ್ರ ನಿಲ್ಲುವುದನ್ನು ಕೇಳಿ, ಬೇರೆ ತಾಯಂದಿರಿಗೆ ತಾನೇ ತಿಳಿಸುತ್ತೇನೆ ಎಂದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲಿ ಗುಡುಗೋ ಹಾಗಿಲ್ಲ," ಎಂದರು. ಅಡ್ಡಹೆಸರು ಮೊದಲನೇ ಮಹಡಿಯವರೆಗೂ ಹತ್ತಿದೆ ಎಂದು ಆಗ ಗೊತ್ತಾಯಿತು.

ಚಿಟಿಕೆಯ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಮೇಲೆ ಫೋನ್ ಮಾಡಿದೆ. ಅಳಿಯ ಎತ್ತಿ, ಸ್ಪೀಕರ್ ಹಾಕಿ ಮಗಳ ದಿಂಬಿನ ಪಕ್ಕ ಇಟ್ಟ.

"ಮಗಳೇ, ಚಿತ್ರ ಈಗ ಹೋಗತ್ತೆ."

"ನಿಲ್ಲಲ್ಲ ಅಂದಿದ್ದೆ," ಎಂದಳು.

"ಅಂದಿದ್ದೆ. ತಪ್ಪು ನಂದೇ. ಮೊದಲು ಮಾಡ್ಬೇಕಾದ್ದನ್ನ ಹೆದರಿ ಕೊನೆಗೆ ಇಟ್ಕೊಂಡೆ. ಈಗ ನಿಲ್ಲಿಸದಿದ್ರೆ ಪೂರ್ತಿ ಹೋಗತ್ತೆ. ನಾನು ಇವಳ ಪಕ್ಕದಲ್ಲೇ ಕೂತಿದ್ದೀನಿ. ಕಂಡದ್ದನ್ನ ಕಂಡ ಹಾಗೆ ಹೇಳ್ತಾ ಇರ್ತೀನಿ."

"ಸುಳ್ಳು ಹೇಳಬಾರದು."

"ನನಗೆಲ್ಲಿ ಬರತ್ತೆ ಸುಳ್ಳು? ಬಂದಿದ್ರೆ ನಿಮ್ಮತ್ತೆ ಹತ್ರ ಇಷ್ಟೊತ್ತಿಗೆ ಒಳ್ಳೇ ಹೆಸರು ತೊಗೊಂಡಿರ್ತಿದ್ದೆ."

ಅಳಿಯ ಕೆಮ್ಮಿದ್ದು ಕೇಳಿಸಿತು. ವಾರ್ಡಿನ ಫೋನಿನಲ್ಲಿ ನಿಧಾನಿಗೆ ಹೂಂ ಅಂದೆ. ಮೇಲೆ ಮಗಳು ಉಸಿರು ಒಳಗೆಳೆದುಕೊಂಡ ಸದ್ದಿನಿಂದಲೇ ಪರದೆ ಕಪ್ಪಾಯಿತು ಎಂದು ತಿಳಿಯಿತು.

"ಉಸಿರು ಸರಿಯಾಗಿದೆ. ಬಣ್ಣ ಸರಿಯಾಗಿದೆ. ಬಲಗಾಲು ಮಡಚಿದೆ. ಎಡಗಾಲು ನೇರ," ಎಂದೆ.

"ಅಮ್ಮಾ, ಸರ್ವರ್ ರಿಪೋರ್ಟ್ ಓದ್ತಿದ್ದೀಯಾ?"

"ಮತ್ತೆ ಹೇಗೆ ಹೇಳ್ಬೇಕು?"

"ಅವಳು ಹೇಗಿದ್ದಾಳೆ ಅಂತ ಹೇಳು."

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ದಿನಾ ಬಂದು ಹೋಗುತ್ತಿದ್ದೆ ನಿಜ. ಬಂದು ಟ್ಯೂಬು ನೋಡುತ್ತಿದ್ದೆ, ಯಂತ್ರದ ಅಂಕಿ ನೋಡುತ್ತಿದ್ದೆ, ಸಿಸ್ಟರಿಗೆ ಎರಡು ಪ್ರಶ್ನೆ ಕೇಳಿ ಹೊರಡುತ್ತಿದ್ದೆ. ಕೂಸನ್ನು ಕೂತು ನೋಡಿರಲಿಲ್ಲ.

"ಹುಬ್ಬು ಗಂಟಿಕ್ಕಿದ್ದಾಳೆ ಕಣೇ. ಯಾರ ಮೇಲೋ ಸಿಟ್ಟು."

"ಯಾರ ಮೊಮ್ಮಗಳು ಹೇಳು."

"ಕಿವಿ ಮೇಲೆ ರೋಮ ಇದೆ. ಎಳೇ ಸೌತೆಕಾಯಿ ಮೇಲೆ ಇರತ್ತಲ್ಲ, ಹಾಗೆ."

"ಅದು ನನಗೆ ಕಾಣಿಸ್ಲೇ ಇಲ್ಲ," ಎಂದಳು ಮಗಳು. ಅವಳ ಸ್ವರದಲ್ಲಿ ಸಂಕಟಕ್ಕಿಂತ ಆಸೆ ಹೆಚ್ಚಿತ್ತು. "ಇನ್ನೂ ಏನಿದೆ?"

ಇನ್ನೂ ಏನೇನೋ ಇತ್ತು. ಕಿರುಬೆರಳಿನ ಉಗುರು ಸಾಸಿವೆ ಕಾಳಿನಷ್ಟಿತ್ತು. ನಿದ್ದೆಯಲ್ಲೇ ಬಾಯಿ ಚಪ್ಪರಿಸುತ್ತಿದ್ದಳು. ಕೆಳತುಟಿ ಅಳಿಯನದ್ದು, ಅದನ್ನು ಹೇಳಿದಾಗ ಅಳಿಯ ಮೇಲಿನಿಂದ "ನಿಜವಾಗ್ಲೂ ಅತ್ತೆ?" ಎಂದು ಎರಡು ಸಲ ಕೇಳಿದ. ನನ್ನ ಸ್ವರ ತಾನಾಗಿಯೇ ಇಳಿದಿತ್ತು. ಇಷ್ಟು ಮೆತ್ತಗೆ ಮಾತಾಡಲು ನನಗೆ ಬರುತ್ತದೆ ಎಂದೇ ಗೊತ್ತಿರಲಿಲ್ಲ.

ಸಿಸ್ಟರ್ ಬಂದು ಪೆಟ್ಟಿಗೆಯ ದುಂಡನೆಯ ಕಿಂಡಿ ತೆರೆದು, ಕೈ ಒಳಗಿಡಬಹುದು ಎಂದು ಸನ್ನೆ ಮಾಡಿದರು. ನಾನು ಹಿಂಜರಿದೆ.

"ಏನಾಯ್ತು, ಸುಮ್ಮನಾದೆ?" ಎಂದಳು ಮಗಳು.

"ಸಿಸ್ಟರ್ ಮುಟ್ಟಿ ಅಂತಿದ್ದಾರೆ. ನಮ್ಮಲ್ಲಿ ನೀನೇ ಮೊದಲು ಮುಟ್ಟಬೇಕು. ನಾನು ಬೇಡ ಅಂತೀನಿ."

"ಮುಟ್ಟು ಅಮ್ಮಾ. ಹೇಗಿದೆ ಹೇಳು," ಎಂದಳು.

ಒಂದು ಬೆರಳನ್ನು ಚಿಟಿಕೆಯ ಅಂಗೈಗೆ ತಾಗಿಸಿದೆ. ಅವಳು ಅದನ್ನು ಮುಚ್ಚಿ ಹಿಡಿದುಕೊಂಡಳು. ನನಗೆ ಹೇಳಬೇಕಾದ್ದು ಬಹಳ ಇತ್ತು, ಆದರೆ "ಬಿಸಿಯಾಗಿದೆ" ಎಂದಷ್ಟೇ ಅಂದೆ. ಮೇಲೆ ಮಗಳು ಅಳುತ್ತಿದ್ದಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಆಗಲೇ ಆ ಪುಟ್ಟ ಎದೆ ನಿಂತಿತು.

ನನಗೆ ಮೊದಲು ತಿಳಿಯಲೇ ಇಲ್ಲ. ಏಳುತ್ತಿದ್ದ ಎದೆ ಏಳಲಿಲ್ಲ, ಅಷ್ಟೇ. ಅಲಾರಂ ಕೂಗಿತು. "ಏನದು? ಅಮ್ಮಾ, ಏನದು?" ಎಂದು ಫೋನ್ ಕೂಗಿತು. ನಾನು ಸಿಸ್ಟರನ್ನು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಬದಿಯ ಕಿಂಡಿಯಿಂದ ಅವರ ಕೈ ಒಳಗೆ ಬಂದಾಗಿತ್ತು.

"ಮರೆತಿದ್ದಾಳೆ," ಎಂದೆ. ಸುಳ್ಳು ಹೇಳುವುದಿಲ್ಲ ಅಂದಿದ್ದೆನಲ್ಲ. "ಸಿಸ್ಟರ್ ಬಂದಾಯ್ತು. ಪಾದ ತಟ್ಟಿದ್ರು. ಬೆನ್ನು ಸವರ್ತಿದ್ದಾರೆ. ಹಾಂ, ಎಳ್ಕೊಂಡ್ಳು. ಎಳ್ಕೊಂಡ್ಳು ಕಣೇ! ಮತ್ತೊಂದು. ಈಗ ಮುಖ ಕೆಂಪಗೆ ಮಾಡ್ಕೊಂಡು ಬಾಯಿ ತೆಗೀತಿದ್ದಾಳೆ. ಇರು, ಕೇಳು."

ಫೋನನ್ನು ಕಿಂಡಿಯ ಹತ್ತಿರ ಹಿಡಿದೆ. ಚಿಟಿಕೆ ಅತ್ತಳು. ಬೆಕ್ಕಿನ ಮರಿಯಷ್ಟೇ ಸದ್ದು, ಆದರೆ ಅದರೊಳಗೆ ಬೇಕಾದಷ್ಟು ಕೋಪವಿತ್ತು. ಮಗಳು ತನ್ನ ಕೂಸಿನ ದನಿ ಕೇಳಿದ್ದು ಅದೇ ಮೊದಲು.

ಅಳು ನಿಂತಿತು. ಆಮೇಲೆ ಮಗಳು ಕೇಳಿದಳು: "ನೀನು ಕರೆಯೋಕೆ ಮೊದಲೇ ಬಂದ್ರಾ ಅವರು?"

"ನಾನು ಬಾಯಿ ತೆಗೆದಿದ್ದೆ, ಅಷ್ಟೇ. ಮೂಗು ತಾಗೋವಷ್ಟು ಹತ್ರ ಕೂತಿದ್ದೀನಿ, ನನಗಿಂತ ಮೊದಲು ಅವರಿಗೆ ಗೊತ್ತಾಯ್ತು. ಅವರು ಆ ಕಡೆ ಬೆನ್ನು ಹಾಕಿ ಬೇರೆ ಕೂಸಿಗೆ ಹಾಲು ಕೊಡ್ತಾ ಇದ್ರು."

"ಹಾಗಾದ್ರೆ ನಾನು ಇಷ್ಟು ದಿನ ನೋಡ್ತಿದ್ದದ್ದು?"

"ಪ್ರೀತಿಗೆ ನೋಡ್ತಿದ್ದೆ. ಕಾವಲಿಗೆ ಅವರಿದ್ದಾರೆ."

ಇದನ್ನು ಡಾಕ್ಟರು ಹೇಳಿದ್ದರು, ಅಳಿಯ ಹೇಳಿದ್ದ, ನಾನೂ ಹತ್ತು ಸಲ ಕಿರುಚಿ ಹೇಳಿದ್ದೆ. ಆಗೆಲ್ಲ ಅವಳ ಸಮಾಧಾನಕ್ಕೆ ಹೇಳುತ್ತಿದ್ದೇವೆ ಎಂದುಕೊಂಡಿದ್ದಳು. ಈಗ ಕೆಟ್ಟದ್ದನ್ನೂ ಮುಚ್ಚಿಡದೆ ಹೇಳಿದ್ದಕ್ಕೋ ಏನೋ, ಒಳ್ಳೆಯದನ್ನೂ ನಂಬಿದಳು.

"ಹೇಳ್ತಾ ಇರು," ಎಂದಳು.

ಹೇಳುತ್ತಾ ಹೋದೆ. ಈಗ ಕಣ್ಣು ಅರ್ಧ ತೆರೆದಳು. ಮತ್ತೆ ಮುಚ್ಚಿದಳು. ಟೋಪಿ ಹಣೆಗೆ ಜಾರಿದೆ, ಬಡ್ಡಿ ಸಾಹುಕಾರನ ಹಾಗೆ ಕಾಣುತ್ತಿದ್ದಾಳೆ. ಅವಳು ನಗುತ್ತಾ ಹೂಂ ಅಂದಳು, ಆಮೇಲೆ ಬರೀ ಹೂಂ ಅಂದಳು, ಆಮೇಲೆ ಅದೂ ನಿಂತಿತು. ಅಳಿಯ ಫೋನ್ ಹತ್ತಿರ ಬಂದು ಪಿಸುಗುಟ್ಟಿದ: "ಅತ್ತೆ, ಮಲಗಿದ್ಲು."

"ಫೋನ್ ಇಡಬೇಡಿ. ಹಾಗೇ ಇರ್ಲಿ."

ಕೇಳುವವರಿಲ್ಲದಿದ್ದರೂ ನಾನು ಹೇಳುವುದನ್ನು ನಿಲ್ಲಿಸಲಿಲ್ಲ. ಒಂದು ಕಿವಿಯಲ್ಲಿ ಮಗಳ ಉಸಿರು, ಕಣ್ಣೆದುರಿಗೆ ಮೊಮ್ಮಗಳದ್ದು. ಎರಡೂ ಏರಿಳಿಯುವುದನ್ನು ನೋಡುತ್ತಾ ಕೇಳುತ್ತಾ ಕೂತಿದ್ದೆ. ನನಗೆ ಅಂಥ ಸುಖ ಹಿಂದೆ ಸಿಕ್ಕಿದ್ದು ನೆನಪಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿದ್ದಾಗ ವಾರ್ಡಿನ ಫೋನಿಗೆ ನಿಧಾನಿ ಕರೆ ಮಾಡಿದ. "ದಾಟಿತು ಅಕ್ಕಾ. ಎದ್ದೂ ಆಯ್ತು."

"ಹೊಸ ಸ್ಟೋರೇಜಿನ ಪರಿಚಯ ಇಲ್ಲ ಅಂತ ತಕರಾರು ಮಾಡ್ಲಿಲ್ವಾ?" ಹಳೆಯ ಮಷೀನುಗಳು ಹೊಸ ಬಗೆಯ ಡಿಸ್ಕು ಕಂಡರೆ ಮುಖ ತಿರುಗಿಸಿ ಏಳದೆ ಬಿದ್ದಿರುವುದುಂಟು.

"ಬೆಳಿಗ್ಗೆನೇ ಆ ಬಗೆಯದ್ದು ಒಂದು ಪುಟ್ಟ ಖಾಲಿ ಡಿಸ್ಕು ಅಂಟಿಸಿ, ಪರಿಚಯ ಮಾಡಿಸಿಟ್ಟಿದ್ದೆ. ನೀವು ಬೇಗ ಬೇಗ ಅಂತ ಬೈತಿದ್ರಲ್ಲ, ಆಗ."

"ನಿನ್ನ ನಿಧಾನಕ್ಕೆ ಒಂದು ದಿನ ದೃಷ್ಟಿ ತೆಗೀಬೇಕಪ್ಪಾ," ಎಂದೆ. ಅವನು ಎಷ್ಟು ಹೆದರಿದನೆಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟುಬಿಟ್ಟ.

ಚಿತ್ರ ಬಂದರೂ ಮಗಳನ್ನು ಎಬ್ಬಿಸಬೇಡಿ, ಟ್ಯಾಬ್ಲೆಟ್ಟನ್ನು ಮಗುಚಿ ಇಡಿ ಎಂದು ಅಳಿಯನಿಗೆ ಹೇಳಿದೆ. ಆಮೇಲೆ ಸ್ವಲ್ಪ ಹಿಂದಕ್ಕೆ ಒರಗಿದೆ. ಒರಗಿದ್ದಷ್ಟೇ ನೆನಪು.

ಎಚ್ಚರವಾದಾಗ ಕತ್ತಿನ ಕೆಳಗೆ ಒಂದು ದಿಂಬಿತ್ತು. ಕಿಟಕಿಯಲ್ಲಿ ಸಂಜೆಯಾಗಿತ್ತು. ಚಿಟಿಕೆ ತನ್ನ ಪಾಡಿಗೆ ತಾನು ಉಸಿರಾಡುತ್ತಿದ್ದಳು. ನಾನು ಗಾಬರಿಯಿಂದ ನೆಟ್ಟಗೆ ಕೂತೆ.

"ದಿಂಬು ಯಾರು ಕೊಟ್ಟದ್ದು?" ಎಂದೆ ಸಿಸ್ಟರಿಗೆ.

"ನಾನೇ ಇಟ್ಟೆ. ಮೇಲಿಂದ ನಿಮ್ಮ ಮಗಳು ವಾರ್ಡಿನ ಫೋನಿಗೆ ಕರೆ ಮಾಡಿದ್ರು," ಎಂದರು ಅವರು. "ಚೆನ್ನಾಗಿ ನಿದ್ದೆಯಾಯ್ತಂತೆ, ಜ್ವರಾನೂ ಇಳೀತಾ ಇದೆಯಂತೆ. ನೀವೂ ಕ್ಯಾಮೆರಾದಲ್ಲಿ ಕಾಣ್ತಿದ್ರಂತೆ. ಅಮ್ಮನ ಕತ್ತು ಪಕ್ಕಕ್ಕೆ ವಾಲಿದೆ, ಎದ್ದ ಮೇಲೆ ನೋಯತ್ತೆ, ಒಂದು ದಿಂಬು ಕೊಡಿ ಅಂದ್ರು."

"ಕೂಸಿನ ಬಗ್ಗೆ ಏನು ಕೇಳಿದ್ಲು?"

ಸಿಸ್ಟರ್ ಒಂದು ಕ್ಷಣ ನೆನಪಿಸಿಕೊಂಡರು. "ಕೂಸಿನ ಬಗ್ಗೆ ಏನೂ ಕೇಳ್ಲಿಲ್ಲ ಮೇಡಂ. ನಿಮ್ಮನ್ನ ಎಬ್ಬಿಸಬೇಡಿ ಅಂತ ಮಾತ್ರ ಹೇಳಿದ್ರು."

ನಾನು ಕ್ಯಾಮೆರಾದ ಕಡೆ ತಿರುಗಿದೆ. ಅದಕ್ಕೆ ಸದ್ದು ಕೇಳಿಸುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ, ಮಲಗು ಅಂದರೆ ಎದ್ದು ಕೂತು ನನ್ನನ್ನು ಕಾಯುತ್ತೀಯೇನೇ ಎಂದು ಬಾಯಿ ತುಂಬ ಬೈದೆ. ಬೈಯುತ್ತಿದ್ದ ಹಾಗೆ ಕಣ್ಣು ತುಂಬಿ ಬಂತು. ಅವಳು ನೋಡುತ್ತಿದ್ದಾಳೆ ಎಂದು ಗೊತ್ತಿದ್ದೂ ಒರೆಸಿಕೊಳ್ಳಲಿಲ್ಲ.